ಮೊಮ್ಮಗಳ ಕಿವಿಯೂ ನನ್ನ ಕೈಗುಣವೂ

ಮುದ್ದೇಬಿಹಾಳದಲ್ಲಿ ನಾನು ಔಷಧಿ ಅಂಗಡಿ ತೆರೆದು ಮೂವತ್ತು ವರ್ಷ ದಾಟಿತು. ಅಂಗಡಿಗೊಂದು ಹೆಸರಿದೆ, ಬೋರ್ಡೂ ಇದೆ. ಅದನ್ನು ಓದಿಕೊಂಡು ಬಂದವರನ್ನು ಮಾತ್ರ ನಾನು ಕಂಡಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ‘ಕೈಗುಣದ ಸಾವಕಾರ್ರ ಅಂಗಡಿ’ ಎಂದರೆ ಸಾಕು, ಆಟೋದವರು ನನ್ನ ಬಾಗಿಲಿಗೆ ತಂದು ಬಿಡುತ್ತಿದ್ದರು. ಒಬ್ಬರ ಕೈಯಿಂದ ಔಷಧ ತಗೊಂಡರೆ ಬೇಗ ಆರಾಮಾಗುತ್ತದೆ, ಅದೇ ಔಷಧವನ್ನು ಇನ್ನೊಬ್ಬರ ಕೈಯಿಂದ ತಗೊಂಡರೆ ಆಗುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ನನ್ನ ಕೈಗೆ ಆ ಗುಣವಿದೆ ಎಂದು ಜನ ತಾವೇ ತೀರ್ಮಾನಿಸಿದ್ದರು. ನಾನು ಇಲ್ಲ ಅನ್ನಲಿಲ್ಲ. ಯಾರು ಅಂದಾರು?

ನಿಜ ಹೇಳಬೇಕೆಂದರೆ ಗುಣ ಕೈಯಲ್ಲಿರಲಿಲ್ಲ, ಡಬ್ಬಿಯಲ್ಲಿತ್ತು. ನಾಲತವಾಡದಿಂದಲೋ ಸುತ್ತಲಿನ ಹಳ್ಳಿಗಳಿಂದಲೋ ಬಂದವರು ಡಾಕ್ಟರ ಚೀಟಿ ತರುತ್ತಿರಲಿಲ್ಲ. ಕಟ್ಟೆಗೆ ಮೊಣಕೈ ಊರಿ, “ಮೂರು ಹೊತ್ತಿಂದು ಕಟ್ಟಿ ಕೊಡ್ರಿ” ಎನ್ನುತ್ತಿದ್ದರು. ನಾನು ಕಾಗದದ ಪೊಟ್ಟಣದಲ್ಲಿ ಜ್ವರದ ಗುಳಿಗೆ ಒಂದು, ಹೊಟ್ಟೆಯ ಗುಳಿಗೆ ಒಂದು ಹಾಕಿ, ಜೊತೆಗೆ ಒಂದು ಪುಟ್ಟ ಬಿಳಿ ಗುಳಿಗೆ ಸೇರಿಸಿ ಮಡಚಿ ಕೊಡುತ್ತಿದ್ದೆ. ಆ ಪುಟ್ಟದ್ದು ಸ್ಟೀರಾಯ್ಡ್. ರೋಗ ಹೋಗಲಿ ಬಿಡಲಿ, ಎರಡನೆಯ ದಿನಕ್ಕೆ ನೋವು ತಗ್ಗುತ್ತದೆ, ಹಸಿವಾಗುತ್ತದೆ, ಮನುಷ್ಯ ಎದ್ದು ಓಡಾಡುತ್ತಾನೆ. ಚೀಟಿ ಇಲ್ಲದೆ ಅದನ್ನು ಕೊಡಬಾರದು ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ನನ್ನ ಅಂಗಡಿಯ ಪಕ್ಕದ ಕೋಣೆಗೆ ಪ್ರತಿ ಗುರುವಾರ ವಿಜಯಪುರದಿಂದ ಕಿವಿ, ಮೂಗು, ಗಂಟಲಿನ ಡಾಕ್ಟರಮ್ಮ ಒಬ್ಬರು ಬರುತ್ತಾರೆ. ಒಳ್ಳೆಯವರು, ಮಾತು ಕಡಿಮೆ. ಔಷಧ ಬರೆಯುವುದು ಅದಕ್ಕಿಂತ ಕಡಿಮೆ. ಅವರ ಚೀಟಿ ಹಿಡಿದು ಬಂದ ತಾಯಂದಿರು ನನ್ನ ಮುಂದೆ ಕಾಗದ ಚಾಚಿ, “ದೊಡ್ಡ ಡಾಕ್ಟರ್ ಏನೂ ಬರದಿಲ್ಲಲ್ರಿ, ನೀವ ಏನರ ಕೊಡ್ರಿ” ಎಂದು ಕೇಳುತ್ತಿದ್ದರು. ನಾನು ಕೊಡುತ್ತಿದ್ದೆ. ಪಕ್ಕದಲ್ಲಿ ಕುಳಿತವರಿಗೆ ಅದು ಗೊತ್ತಾಗಿರಲಿಲ್ಲ ಎಂದು ನಾನು ಅಂದುಕೊಂಡಿದ್ದೆ.

ನನಗೆ ಒಬ್ಬಳೇ ಮಗಳು. ಬಸವನ ಬಾಗೇವಾಡಿಗೆ ಕೊಟ್ಟಿದ್ದೇವೆ. ಗೊಳಸಂಗಿಯ ಸಾಲಿಯಲ್ಲಿ ಅವಳು ಟೀಚರ್. ಅಳಿಯನ ನೌಕರಿ ಇಂಡಿಯಲ್ಲಿ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಮನೆಯಲ್ಲಿ ಮಗಳು, ಅವಳ ಅತ್ತೆ, ಮತ್ತು ಆರು ವರ್ಷದ ನನ್ನ ಮೊಮ್ಮಗಳು. ಆ ವರ್ಷ ಮೊಮ್ಮಗಳನ್ನು ಒಂದನೆಯ ತರಗತಿಗೆ ಅದೇ ಸಾಲಿಗೆ ಹಾಕಿದ್ದರು. ತಾಯಿ, ಮಗಳು ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು.

ದೀಪಾವಳಿಗೆ ಅವರು ನಮ್ಮಲ್ಲಿಗೆ ಬಂದಾಗ ಹುಡುಗಿ ಟಿವಿಯ ಎದುರು ಮೂಗು ತಾಗಿಸುವಷ್ಟು ಹತ್ತಿರ ಕುಳಿತಿದ್ದಳು. ನಾಲ್ಕು ಸಲ ಕರೆದೆ. ತಿರುಗಲಿಲ್ಲ. “ನಮ್ಮ ಮನೆತನದ ಹಟ ಬಂದೈತಿ ಇದಕ್ಕ” ಎಂದು ನಾನು ಹೆಮ್ಮೆಯಿಂದಲೇ ನಕ್ಕೆ. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಹುಡುಗಿಯ ಭುಜ ಮುಟ್ಟಿದ ಮೇಲೆ ಅದು ಬೆಚ್ಚಿ ನೋಡಿತು. ಮಗಳು ಮಾತ್ರ ನಗಲಿಲ್ಲ.

“ಅಪ್ಪಾ, ಇದು ಹಟ ಅಲ್ಲ. ಎದುರಿಗೆ ಕುಂತು ಹೇಳಿದ್ರ ಬರೀತಾಳ. ನಾ ಬೋರ್ಡಿನ ಕಡೆ ತಿರುಗಿ ಹೇಳಿದ್ದು ಒಂದೂ ಬರಿಯೂದಿಲ್ಲ. ಅಕ್ಷರ ಕಲಿಯೋ ವರ್ಷ ಐತಿ. ಹಿಂಗ ಹೋದ್ರ ಹೆಂಗ?”

ಗುರುವಾರ ಪಕ್ಕದ ಕೋಣೆಯಲ್ಲೇ ತೋರಿಸಿದೆವು. ಡಾಕ್ಟರಮ್ಮ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ಕಿವಿಗೆ ಒಂದು ಬಿರಡೆ ಇಟ್ಟು ಯಂತ್ರದಿಂದ ಗಾಳಿಯ ಒತ್ತಡ ಕೊಟ್ಟರು. ಪರದೆ ಸರಿಯಾಗಿ ಅಲುಗಾಡಿದರೆ ಕಾಗದದ ಮೇಲೆ ಗೆರೆ ಗುಡ್ಡದ ಹಾಗೆ ಏಳಬೇಕಂತೆ. ನಮ್ಮ ಹುಡುಗಿಯ ಎರಡೂ ಗೆರೆಗಳು ಮಟ್ಟಸವಾಗಿ ಮಲಗಿದ್ದವು.

“ಪರದಿ ಹಿಂದ ನೀರು ನಿಂತೈತ್ರಿ, ಅಂಟಂಟು ನೀರು. ನೋವಿಲ್ಲ, ಸೋಂಕಿಲ್ಲ. ಬಾಳ ಮಕ್ಕಳಿಗೆ ತಾನ ಒಣಗತೈತಿ. ಮೂರು ತಿಂಗಳು ಕಾಯೋಣು. ಆಗಲೂ ಹಿಂಗ ಇದ್ರ ಸಣ್ಣ ನಳಿಗಿ ಹಾಕೂದು ನೋಡೋಣು” ಎಂದರು. ಅಲ್ಲಿಯವರೆಗೆ ಮುಂದಿನ ಸಾಲಿನಲ್ಲಿ ಕೂರಿಸಿ, ಮುಖ ನೋಡಿ ಮಾತಾಡಿ, ಮಾತಾಡುವಾಗ ಟಿವಿ ಆರಿಸಿ ಎಂದು ಮಗಳಿಗೆ ಹೇಳಿದರು.

ನನಗೆ ತಡೆಯಲಾಗಲಿಲ್ಲ. “ಮೇಡಂ, ಒಂದು ವಾರ ಸ್ಟೀರಾಯ್ಡ್ ಕೊಟ್ಟು ನೋಡಬಹುದಲ್ರಿ? ಹಿಂದ ಕೆಲವು ಡಾಕ್ಟರ್ ಬರೀತಿದ್ರು.”

“ಬರೀತಿದ್ರು. ನಾ ಬರಿಯೂದಿಲ್ಲ. ಕೊಟ್ಟಾಗ ನಾಕು ದಿನ ಇಳದಂಗ ಕಾಣತೈತಿ, ಆಮ್ಯಾಲ ಮತ್ತ ತುಂಬತೈತಿ. ಅಷ್ಟಕ್ಕ ಕೂಸಿನ ಮೈಗೆ ಯಾಕ ತ್ರಾಸ ಕೊಡೂದ್ರಿ?” ಎಂದು ಹೇಳಿ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು ಕನ್ನಡಕ ಸರಿ ಮಾಡಿಕೊಂಡೆ.

ಮಗಳು ಸಮಾಧಾನದಿಂದ ಊರಿಗೆ ಹೊರಟಳು. ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂದಿತ್ತು. ಮೂರು ತಿಂಗಳು ಕೈಕಟ್ಟಿ ಕೂಡಲು ಡಾಕ್ಟರ್ ಯಾಕೆ ಬೇಕು? ತಾಲ್ಲೂಕಿನ ಜನರಿಗೆಲ್ಲ ಆರಾಮ ಮಾಡಿದ ನಾನು ಸ್ವಂತ ಮೊಮ್ಮಗಳ ಕಿವಿಗೆ ಏನೂ ಮಾಡಬಾರದು ಎಂದರೆ ಹೇಗೆ? ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಅಂದದ್ದು ಸುಳ್ಳಲ್ಲ ಎಂದು ಗೊಣಗಿಕೊಂಡು ಅಂಗಡಿಗೆ ಬಂದೆ. ಮಕ್ಕಳಿಗೆ ಕೊಡುವ ಸ್ಟೀರಾಯ್ಡ್ ಸಿರಪ್ ತೆಗೆದು, ಖಾಲಿಯಾದ ಒಂದು ಟಾನಿಕ್ ಬಾಟಲಿಯನ್ನು ತೊಳೆದು ಒಣಗಿಸಿ ಅದಕ್ಕೆ ಸುರಿದೆ. ಬಸ್ಸು ಹೊರಡುವ ಮೊದಲು ಕಿಟಕಿಯಲ್ಲಿ ಮಗಳ ಕೈಗೆ ಕೊಟ್ಟೆ.

“ತಾಕತ್ತಿಂದು ಐತಿ. ಬೆಳಿಗ್ಗೆ ಊಟ ಆದ ಮ್ಯಾಲ ಒಂದು ಮುಚ್ಚಳ ಹಾಕು. ಒಂದು ವಾರ.”

ಅವಳು ಬಾಟಲಿಯನ್ನು ತಿರುಗಿಸಿ ನೋಡಲೂ ಇಲ್ಲ. ಔಷಧಿ ಅಂಗಡಿಯವನ ಮಗಳಿಗೆ ಅಪ್ಪ ಕೊಟ್ಟ ಔಷಧದ ಮೇಲಿನ ಚೀಟಿ ಓದಿ ರೂಢಿಯಿರಲಿಲ್ಲ.

ಐದನೆಯ ದಿನ ಫೋನು ಬಂತು. ಹುಡುಗಿ ಒಳಗಿನ ಖೋಲಿಯಲ್ಲಿ ಆಡುತ್ತಿದ್ದಾಗ ಅದರ ಆಯಿ, ಅಂದರೆ ಮಗಳ ಅತ್ತೆ, ಪಡಸಾಲೆಯಿಂದ ಮೆಲ್ಲಗೆ ಕರೆದರೆ ‘ಓ’ ಎಂದಿತಂತೆ. ನನಗೆ ಆದ ಸಂತೋಷ ಹೇಳಲಾರೆ, ಅಂಗಡಿಯಲ್ಲಿ ನಿಂತವರಿಗೆಲ್ಲ ಚಹಾ ತರಿಸಿದೆ. ಅಷ್ಟರಲ್ಲಿ ಮಗಳು, “ಡಾಕ್ಟರ್ ಹೇಳಿದ್ದು ಖರೇ ಆತು ನೋಡಪ್ಪಾ, ತಾನ ಒಣಗಾಕತ್ತೈತಿ” ಎಂದಳು. ಮಾಡಿದ್ದು ನಾನು, ಹೆಸರು ಪಕ್ಕದ ಕೋಣೆಗೆ! ಬಾಯಿ ಬಿಟ್ಟು ಹೇಳುವಂತಿಲ್ಲ, ನುಂಗಿಕೊಳ್ಳಲೂ ಆಗದು. ನನ್ನ ಹೆಂಡತಿಗೂ ಹೇಳಲಿಲ್ಲ.

ಎರಡು ವಾರ ಕಳೆಯುವಷ್ಟರಲ್ಲಿ ಹುಡುಗಿಗೆ ಮತ್ತೆ ಕೇಳಿಸದಾಯಿತು. ಡಾಕ್ಟರಮ್ಮ ಹೇಳಿದ್ದು ಅಕ್ಷರಶಃ ಹಾಗೇ ಆಗಿತ್ತು. ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಮಾತ್ರ ಮೊದಲ ಸಲ ಕೊಟ್ಟದ್ದು ಕಡಿಮೆಯಾಯಿತು ಎಂದು ಲೆಕ್ಕ ಹಾಕಿದೆ. ಎರಡನೆಯ ಬಾಟಲಿ ಹೋಯಿತು, ಈ ಸಲ ದಿನಕ್ಕೆ ಎರಡು ಮುಚ್ಚಳ. ಅದು ಮುಗಿಯುವ ಮೊದಲೇ ಮೂರನೆಯದೂ ಹೋಯಿತು. ಕಿವಿ ಒಂದಿಷ್ಟು ತೆರೆದ ಹಾಗೆ, ಮತ್ತೆ ಮುಚ್ಚಿದ ಹಾಗೆ. ಹುಡುಗಿಯ ಗಲ್ಲ ಮಾತ್ರ ದಿನದಿಂದ ದಿನಕ್ಕೆ ದುಂಡಗಾಯಿತು. ಮೊದಲು ಅರ್ಧ ರೊಟ್ಟಿಗೆ ಸತಾಯಿಸುತ್ತಿದ್ದವಳು ಎರಡು ತಿಂದು ಮೂರನೆಯದಕ್ಕೆ ಅಳತೊಡಗಿದಳು. ಸಣ್ಣ ಮಾತಿಗೂ ಸಿಡುಕು. ಸಾಲಿಯಲ್ಲಿ ಒಂದು ಮಗುವನ್ನು ಕಚ್ಚಿದಳಂತೆ.

“ನಿಮ್ಮ ಟಾನಿಕ್ ಮೈಗೆ ಹತ್ತೈತಿ ಬೀಗರ, ಕೂಸು ಈಗ ಕೂಸಿನಂಗ ಕಾಣಾಕತ್ತೈತಿ” ಎಂದು ಮಗಳ ಅತ್ತೆ ಫೋನಿನಲ್ಲಿ ಹೊಗಳಿದರು. ಸ್ಟೀರಾಯ್ಡಿನ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಗಿರಾಕಿಗಳಲ್ಲೇ ಅಂಥ ಎಷ್ಟೋ ಮುಖಗಳನ್ನು ನೋಡಿದ್ದೆ. ಆಗ ಅವು ನನಗೆ ಆರೋಗ್ಯದ ಮುಖಗಳಾಗಿ ಕಂಡಿದ್ದವು.

ಒಂದು ದಿನ ಮಗಳು ಅದೂ ಇದೂ ಮಾತಾಡುತ್ತ, “ನಮ್ಮ ಸಾಲ್ಯಾಗ ಮೂರು ಮಕ್ಕಳಿಗೆ ಅಮ್ಮ ಬಂದಾಳ, ಒಂದು ಇಕಿ ಬಾಜೂಕ ಕೂಡೂದು” ಎಂದಳು. ಅಮ್ಮ ಎಂದರೆ ಸೀತಾಳೆ ಸಿಡುಬು, ಚಿಕನ್‌ಪಾಕ್ಸ್. ಸಾಮಾನ್ಯ ಮಕ್ಕಳಿಗೆ ಅದು ಬರುತ್ತದೆ, ಹೋಗುತ್ತದೆ. ಸ್ಟೀರಾಯ್ಡ್ ತಿನ್ನುತ್ತಿರುವ ಮಗುವಿಗೆ ಮಾತ್ರ ಅದು ಬರಬಾರದು. ಮೈಯ ಕಾವಲುಗಾರರನ್ನು ಮಲಗಿಸುವುದೇ ಆ ಔಷಧದ ಕೆಲಸ, ಗುಳ್ಳೆ ಮೈಮೇಲೆ ನಿಲ್ಲದೆ ಪುಪ್ಪುಸಕ್ಕೂ ಇಳಿಯಬಹುದು. ಬಾಟಲಿಯ ಜೊತೆ ಬರುವ ಸಣ್ಣಕ್ಷರದ ಕಾಗದದಲ್ಲಿ ಅದು ಇರುತ್ತದೆ. ಗಿರಾಕಿಗೆ ಕೊಡುವಾಗ ಆ ಕಾಗದವನ್ನು ತೆಗೆದು ಬುಟ್ಟಿಗೆ ಹಾಕುವುದು ನನ್ನ ಪದ್ಧತಿ.

“ಟಾನಿಕ್ ಸಾಕು ಇನ್ನ. ನಾಳಿಂದ ಅರ್ಧ ಮುಚ್ಚಳ ಮಾಡು, ಆಮ್ಯಾಲ ಬಿಡು. ಮತ್ತ ಕೂಸಿನ್ನ ಸಾಲಿಗೆ ಒಯ್ಯಬ್ಯಾಡ” ಎಂದೆ. ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ.

“ಯಾಕ? ಹಂಗ ಹೆದರಿದ್ರ ಸಾಲಿ ನಡಸೂದು ಹೆಂಗಪ್ಪಾ?”

“ಸುಮ್ನ ಹೇಳಿದೆ.”

ಸುಮ್ಮನೆ ಹೇಳಿದ್ದನ್ನು ಯಾರು ಕೇಳುತ್ತಾರೆ? ಆಗಲೇ ಎಲ್ಲ ಹೇಳಬೇಕಿತ್ತು. ಹೇಳಲಿಲ್ಲ. ಅಮ್ಮ ಅಂಟಿದರೆ ಗುಳ್ಳೆ ಏಳಲು ಎರಡು ವಾರ ಹಿಡಿಯುತ್ತದೆ. ಆ ಹದಿನಾಲ್ಕು ದಿನ ನಾನು ಬದುಕಿದ್ದು ಹೇಗೆ ಎಂದು ಈಗ ನೆನೆದರೂ ನಾಚಿಕೆಯಾಗುತ್ತದೆ. ದಿನಾ ಫೋನು ಮಾಡಿ, “ಕೂಸಿನ ಮೈ ಬಿಸಿ ಐತೇನು?” ಎಂದು ಕೇಳುತ್ತಿದ್ದೆ. ನಡುವೆ ಎರಡು ಗುರುವಾರ ಬಂದವು. ಎರಡು ಸಲವೂ ಡಾಕ್ಟರಮ್ಮನ ಬಾಗಿಲವರೆಗೆ ಹೋಗಿ, ಚಪ್ಪಲಿ ಬಿಟ್ಟು, ಮತ್ತೆ ಮೆಟ್ಟಿಕೊಂಡು ವಾಪಸು ಬಂದೆ. ಎರಡನೆಯ ಸಲ ಅವರೇ ನೋಡಿ, “ಮೊಮ್ಮಗಳು ಹೆಂಗದಾಳ್ರಿ?” ಎಂದು ಕೇಳಿದರು.

“ಅರಾಮದಾಳ್ರಿ” ಎಂದೆ.

ಮೂವತ್ತು ವರ್ಷದ ಹೆಸರು ಒಂದು ಮಾತಿನಲ್ಲಿ ಹೋಗುತ್ತದಲ್ಲ ಎಂಬ ಹೆದರಿಕೆ ನನ್ನನ್ನು ತಡೆಯಿತು. ಹುಡುಗಿಗಿಂತ ನನ್ನ ಹೆಸರು ದೊಡ್ಡದಾಯಿತು. ಇದನ್ನು ಸುತ್ತಿ ಬಳಸಿ ಹೇಳುವ ದಾರಿ ಇಲ್ಲ.

ಹದಿನೈದನೆಯ ದಿನ ಬೆಳಿಗ್ಗೆ ಮಗಳ ಫೋನು. ಜ್ವರ ಬಂದಿದೆ, ಎದೆಯ ಮೇಲೆ ನಾಲ್ಕು ಗುಳ್ಳೆ ಎದ್ದಿವೆ. ಅತ್ತೆ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದ್ದಾರೆ, ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದ್ದಾರೆ, ಅಮ್ಮ ಬಂದಾಗ ದವಾಖಾನಿ ಮೆಟ್ಟಿಲು ಹತ್ತಬಾರದು ಎಂದು ಹೇಳಿದ್ದಾರೆ. ಮಗಳ ದನಿಯಲ್ಲಿ ಗಾಬರಿ ಇರಲಿಲ್ಲ. ಊರಿನ ಮಕ್ಕಳಿಗೆಲ್ಲ ಬಂದದ್ದು ಇವಳಿಗೂ ಬಂತು ಎಂಬ ಹಾಗೆ ಹೇಳಿದಳು.

ನಾನು ಡಾಕ್ಟರಮ್ಮನಿಗೆ ಫೋನು ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಯಾವ ಸಿರಪ್, ದಿನಕ್ಕೆ ಎಷ್ಟು, ಎಷ್ಟು ದಿನ, ಬಿಟ್ಟು ಎಷ್ಟು ದಿನವಾಯಿತು ಎಂದು ಒಂದೊಂದಾಗಿ ಕೇಳಿದರು.

“ಈಗಿಂದೀಗ ಬಿಜಾಪುರಕ್ಕ ಕರ್ಕೊಂಡು ಬರ್ರಿ. ಮಕ್ಕಳ ಡಾಕ್ಟರಿಗೆ ನಾ ಹೇಳಿರ್ತೇನಿ. ಬೈಯೂದು ಆಮ್ಯಾಲ ಬೈತೇನಿ” ಎಂದರು.

ಬಾಡಿಗೆ ಕಾರು ಹಿಡಿದು ಬಾಗೇವಾಡಿಗೆ ಹೋದೆ. ಹುಡುಗಿ ಪಡಸಾಲೆಯಲ್ಲಿ ಬಿಳಿ ಹಾಸಿಗೆಯ ಮೇಲೆ ಮಲಗಿತ್ತು, ತಲೆದೆಸೆಯಲ್ಲಿ ಬೇವಿನ ಎಲೆ. ಬೀಗತಿ ತಂಬಿಗೆಯಲ್ಲಿ ನೀರು ಕೊಟ್ಟು, “ಅಮ್ಮ ಇದ್ದಲ್ಲಿ ಗದ್ದಲ ಬ್ಯಾಡ್ರಿ ಬೀಗರ. ಒಂಬತ್ತು ದಿನ, ಆಮ್ಯಾಲ ನೀರು ಹಾಕಿ ಕಳಸೂಣು. ನಮ್ಮ ಮನ್ಯಾಗ ಯಾರೂ ಇದಕ್ಕ ಸೂಜಿ ಚುಚ್ಚಿಸಿಲ್ಲ” ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವರು ಐದು ಮಕ್ಕಳಿಗೆ ಹೀಗೇ ಮಾಡಿ ದಾಟಿಸಿದವರು. ಈ ಕೂಸು ಆ ಐವರ ಹಾಗಿಲ್ಲ ಎಂದು ಗೊತ್ತಿದ್ದವನು ಇಡೀ ಮನೆಯಲ್ಲಿ ನಾನೊಬ್ಬನೇ.

“ನಾ ಕಳಿಸಿದ್ದು ಟಾನಿಕ್ ಅಲ್ರಿ” ಎಂದೆ.

ಮಗಳು ಹುಡುಗಿಯ ಹಣೆಯ ಮೇಲಿನ ಬಟ್ಟೆಯನ್ನು ತಿರುಗಿಸಿ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು.

“ಕಿವಿಗಂತ ಸ್ಟೀರಾಯ್ಡ್ ಕೊಟ್ಟೇನಿ. ಡಾಕ್ಟರ್ ಬ್ಯಾಡ ಅಂದಿದ್ದನ್ನ ಕೊಟ್ಟೇನಿ. ಮೂರು ಬಾಟ್ಲಿ. ಅದು ಮೈಯಾಗಿನ ಶಕ್ತಿ ಕುಂದಸತೈತಿ. ಈ ಸ್ಥಿತ್ಯಾಗ ಅಮ್ಮ ಬಂದ್ರ ಜೀವಕ್ಕ ಅಪಾಯ ಐತಿ. ಬಿಜಾಪುರದಾಗ ಡಾಕ್ಟರ್ ಕಾಯಾಕತ್ತಾರ.”

ಬೀಗರ ಮನೆಯಲ್ಲಿ ತಲೆ ತಗ್ಗಿಸಿ ನಿಲ್ಲುವ ಕಾಲ ಬರಬಾರದು ಎನ್ನುತ್ತಾರೆ. ನಾನು ನಿಂತೆ. ಬೀಗತಿ ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಕೂಸಿನ ತಲೆದೆಸೆಯ ಎಲೆಗಳನ್ನು ತೆಗೆದು ಬದಿಗಿಟ್ಟು, ಕೈ ಮುಗಿದು ಬಾಯಲ್ಲೇ ಏನೋ ಹೇಳಿಕೊಂಡರು. ಆಮೇಲೆ ಮಗಳಿಗೆ, “ಏಳವಾ, ಕೂಸಿನ್ನ ಎತ್ತಿಕೋ. ತಪ್ಪಿದ್ರ ಅಕಿ ಕಾಲು ನಾ ಹಿಡೀತೇನಿ” ಎಂದರು. ದೇವಿಯ ಕಾಲು ಹಿಡಿಯುವ ಹೊಣೆಯನ್ನು ಅವರು ತಗೊಂಡರು. ಬರೀ ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಕಾರಿನಲ್ಲಿ ಮಗಳು ಒಂದೇ ಮಾತು ಕೇಳಿದಳು. “ಹದಿನಾಲ್ಕು ದಿನದ ಹಿಂದ ಸಾಲಿಗೆ ಒಯ್ಯಬ್ಯಾಡ ಅಂದ್ಯಲ್ಲ. ಆವತ್ತ ಗೊತ್ತಿತ್ತು?”

“ಗೊತ್ತಿತ್ತು” ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು.

ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡರು. ನರಕ್ಕೆ ಸೂಜಿ ಹಾಕಿ ಹೊತ್ತು ಹೊತ್ತಿಗೆ ಔಷಧ ಬಿಟ್ಟರು, ಎದೆಯ ಫೋಟೋ ತೆಗೆದರು. ಗುಳ್ಳೆಗಳು ಬಾಯಿಯೊಳಗೂ ಎದ್ದವು. ಮೂರನೆಯ ದಿನ ಹುಡುಗಿ ಕೆಮ್ಮಿದಾಗ ನಾನು ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ. ನಾಲ್ಕನೆಯ ದಿನ ಜ್ವರ ಇಳಿಯಿತು. ಪುಪ್ಪುಸ ಸ್ವಚ್ಛ ಇದೆ ಎಂದು ಮಕ್ಕಳ ಡಾಕ್ಟರ್ ಹೇಳಿದಾಗ ಬೀಗತಿಯ ಎದುರೇ ಅತ್ತುಬಿಟ್ಟೆ. ಕಿವಿಯ ಡಾಕ್ಟರಮ್ಮ ಬಂದು ನೋಡಿ ಹೋದರು. ಬಯ್ಯುತ್ತೇನೆ ಎಂದವರು ಬಯ್ಯಲೇ ಇಲ್ಲ, “ಅಂಗಡ್ಯಾಗ ಪೊಟ್ಣ ಕಟ್ಟೂದು ನಿಲ್ಲಸ್ರಿ” ಎಂದಷ್ಟೇ ಹೇಳಿದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ನಿಲ್ಲಿಸಿದೆ. ಚೀಟಿ ತಂದರೆ ಚೀಟಿಯಲ್ಲಿದ್ದದ್ದು ಕೊಡುತ್ತೇನೆ, ಇಲ್ಲದಿದ್ದರೆ ಡಾಕ್ಟರ ಹತ್ತಿರ ಕಳಿಸುತ್ತೇನೆ. ಎರಡು ತಿಂಗಳಲ್ಲಿ ಊರಿನ ತುಂಬ ಸುದ್ದಿಯಾಯಿತು. ಹಳೆಯ ಗಿರಾಕಿಯೊಬ್ಬ ನನ್ನ ಎದುರಿಗೇ, “ಸಾವಕಾರ್ರಿಗೆ ವಯಸ್ಸಾತು, ಕೈಯಾಗ ಮೊದಲಿನ ಗುಣ ಉಳದಿಲ್ಲ” ಎಂದು ಜೊತೆಗಿದ್ದವನಿಗೆ ಹೇಳಿದ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ.

ಕಿವಿಯ ವಿಷಯ ಹೇಳುವುದು ಉಳಿಯಿತು. ಮೂರು ತಿಂಗಳಿಗೆ ನೋಡಿದಾಗ ಒಂದು ಕಿವಿಯ ಗೆರೆ ಸ್ವಲ್ಪ ಎದ್ದಿತ್ತು, ಇನ್ನೊಂದು ಹಾಗೇ ಇತ್ತು. ಇನ್ನಷ್ಟು ಕಾಯೋಣ ಎಂದರು. ಮಗಳು ಹುಡುಗಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಬೋರ್ಡಿಗೆ ಬರೆದ ಮೇಲೆ ತಿರುಗಿ ನಿಂತು ಓದುವುದನ್ನು ರೂಢಿ ಮಾಡಿಕೊಂಡಳು. ಮನೆಯಲ್ಲಿ ಬೀಗತಿ ಹತ್ತಿರ ಹೋಗಿ, ಗದ್ದ ಹಿಡಿದು ಮಾತಾಡಿಸುತ್ತಿದ್ದರು. ಬೇಸಿಗೆಯ ಹೊತ್ತಿಗೆ ಎರಡೂ ಗೆರೆಗಳು ಗುಡ್ಡದ ಹಾಗೆ ಎದ್ದು ನಿಂತವು. ಯಾರೂ ಏನೂ ಕೊಟ್ಟಿರಲಿಲ್ಲ. ಅಕ್ಷರದಲ್ಲಿ ಹಿಂದೆ ಬಿದ್ದಿದ್ದನ್ನು ಮಗಳು ಕೂರಿಸಿಕೊಂಡು ಕಲಿಸಿದಳು.

ಸಾಲಿಗೆ ಬೇಸಿಗೆಯ ಸೂಟಿ ಬಿಟ್ಟ ಮೇಲೆ ಮೊಮ್ಮಗಳನ್ನು ಹದಿನೈದು ದಿನ ನಮ್ಮಲ್ಲಿ ಬಿಟ್ಟು ಹೋಗಲು ಮಗಳು ಬಂದಳು. ಕಳಿಸುವುದಿಲ್ಲ ಎಂದುಕೊಂಡಿದ್ದೆ, ಕಳಿಸಿದಳು. ಹುಡುಗಿ ಮನೆಯ ಬಾಗಿಲಲ್ಲೇ ನನ್ನನ್ನು ಕಂಡು “ಮುತ್ಯಾ” ಎಂದು ಕೂಗಿ ಒಳಗೆ ಓಡಿತು. ಆಮೇಲೆ ಮಗಳು ಅಂಗಡಿಗೆ ಬಂದು, ಗಿರಾಕಿ ಹೋಗುವವರೆಗೆ ನಿಂತು, ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. ಒಳಗೆ ಜ್ವರದ ಸಿರಪ್, ವಾಂತಿಯದೊಂದು, ಓಆರ್‌ಎಸ್ ಪುಡಿ. ಜೊತೆಗೆ ಬಾಗೇವಾಡಿಯ ಬೇರೊಂದು ಔಷಧಿ ಅಂಗಡಿಯ ರಸೀದಿ.

“ಜ್ವರ ಗಿರ ಬಂದ್ರ ಇದರಾಗಿಂದ ಹಾಕು, ಎಷ್ಟು ಅಂತ ಬರದೇನಿ. ಅಂಗಡ್ಯಾಗಿಂದ ಏನೂ ಕೊಡಬ್ಯಾಡಪ್ಪಾ” ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ನನ್ನ ಬೆನ್ನ ಹಿಂದೆ ಅದೇ ಜ್ವರದ ಸಿರಪ್ ಒಂದು ಸಾಲು ಇತ್ತು. ಅವಳಿಗೂ ಅದು ಕಾಣುತ್ತಿತ್ತು.

“ಆತವ್ವಾ” ಎಂದೆ. ಬಾಟಲಿ ಎತ್ತಿ ಅವಧಿ ಮುಗಿಯುವ ತಾರೀಖು ನೋಡಿದೆ. ಇನ್ನೂ ಒಂದೂವರೆ ವರ್ಷವಿತ್ತು. ಡಬ್ಬಿಯನ್ನು ಮನೆಗೆ ಒಯ್ದು ಹೆಂಡತಿಯ ಕೈಗೆ ಕೊಟ್ಟೆ.